ಮುತ್ತಮ್ಮನ ಕಿರುಬೆರಳು

ಭಾನುವಾರ ಬೆಳಗಿನ ಐದೂಕಾಲು. ಹಳೇಬೀಡಿನ ಕೆರೆ ಏರಿಯ ಮೇಲೆ ಇನ್ನೂ ಮಬ್ಬುಗತ್ತಲು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡ ಹೆಂಗಸೊಬ್ಬರು, ಏರಿಯಿಂದ ನೀರಿನ ಮೇಲಕ್ಕೆ ಚಾಚಿಕೊಂಡಿರುವ ಕಲ್ಲುಹಾಸಿನ ಮೇಲೆ ನಡೆದು ಹೋಗುತ್ತಿದ್ದಾರೆ. ಕೈಯಲ್ಲಿ ಟಾರ್ಚಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ. ಕಲ್ಲುಹಾಸಿನ ತುದಿಯಲ್ಲಿ ಎರಡು ಕಂಬ, ಕಂಬಗಳ ನಡುವೆ ಒಂದು ಕಬ್ಬಿಣದ ಸರಳು. ಅದೇ ತೂಬು. ಸರಳಿನ ಕೆಳತುದಿಗೆ, ನೀರಿನ ತಳದಲ್ಲಿ, ಒಂದು ದಪ್ಪ ಬಿರಡೆ ಇದೆ. ಸರಳು ಎತ್ತಿದರೆ ಬಿರಡೆ ಮೇಲೆದ್ದು ಕೆರೆಯ ನೀರು ಏರಿಯೊಳಗಿನ ಕಿಂಡಿ ಹೊಕ್ಕು ಆಚೆಯ ಕಾಲುವೆಗೆ ಬೀಳುತ್ತದೆ.

"ಹೆಜ್ಜೆ ನೋಡ್ಕಂಡ್ ಇಡಿ ಮೇಡಮ್ಮಾರೆ, ಪಾಚಿ ಐತೆ," ಎನ್ನುತ್ತಾರೆ ತಿರುಗಿ ನೋಡದೆ. ನಾನು ಹೆಜ್ಜೆ ಇಡುವುದೇ ಇಲ್ಲ. ನನಗೆ ಈಜು ಬಾರದು, ನೀರೆಂದರೆ ಚಿಕ್ಕಂದಿನಿಂದ ಭಯ. ಏರಿಯ ಮೇಲೇ ನಿಂತು ನೋಡುತ್ತೇನೆ.

ಅವರು ತೂಬಿನ ಕಲ್ಲನ್ನು ಎಡಗೈಯಿಂದ ಮೂರು ಸಲ ತಟ್ಟುತ್ತಾರೆ. ಸೆರಗಿನ ತುದಿಯಲ್ಲಿ ತಂದ ಒಂದು ಚಿಟಿಕೆ ಹಸಿಮಣ್ಣನ್ನು ಬಲಗಿವಿಯ ಹಿಂದೆ ಸವರಿಕೊಳ್ಳುತ್ತಾರೆ. ಕಳೆದ ಎರಡು ತಿಂಗಳಿಂದ ಅರಸೀಕೆರೆಯ ನಮ್ಮ ಮನೆಯ ಬಚ್ಚಲಲ್ಲಿ, ಮೈಮೇಲೆ ನೀರು ಹೊಯ್ದುಕೊಳ್ಳುವ ಮೊದಲು, ಎಂಟು ವರ್ಷದ ನನ್ನ ಮಗಳು ಮಾಡುವುದೂ ಇದನ್ನೇ. ಗೋಡೆಗೆ ಮೂರು ಏಟು, ಕಿವಿಯ ಹಿಂದೆ ತುಳಸಿ ಕಟ್ಟೆಯ ಮಣ್ಣು.

"ನಮ್ಮತ್ತೆ ಹೇಳ್ಕೊಟ್ಟಿದ್ದು ಕಣವ್ವ. ಕಲ್ಲು ತಟ್ಟಿದ್ರೆ ಬಂದಿದೀನಿ ಅಂತ ಗಂಗಮ್ಮಂಗೆ ಗೊತ್ತಾಯ್ತದೆ. ಮಣ್ಣು ಹಚ್ಕಂಡ್ರೆ ಇದು ನಮ್ಮದೇ ಕೂಸು ಅಂತ ವಾಪಸ್ ಬಿಡ್ತಾಳಂತೆ," ಎಂದು ಹೇಳಿ ಮುತ್ತಮ್ಮ ಸರಳಿಗೆ ಕೈಹಾಕುತ್ತಾರೆ. ಇಡೀ ಮೈಯನ್ನು ಹಿಂದಕ್ಕೆ ವಾಲಿಸಿ ಎಳೆಯುತ್ತಾರೆ. ಸರಳು ಒಂದು ಗೇಣು ಮೇಲೆ ಬಂದಾಗ ಅದರ ತೂತಿಗೆ ಕೀಲು ತುರುಕುತ್ತಾರೆ. ಏರಿಯೊಳಗಿಂದ ಗೊಳಗೊಳ ಸದ್ದು ನನ್ನ ಪಾದಕ್ಕೆ ತಟ್ಟುತ್ತದೆ. ಕಂಬದ ಬುಡದಲ್ಲಿ ನೀರು ಸಣ್ಣಗೆ ಸುಳಿಯತೊಡಗುತ್ತದೆ. ಅಲ್ಲಿ ತೇಲುತ್ತಿದ್ದ ಒಂದು ಅರಳಿ ಎಲೆ ಎರಡು ಸುತ್ತು ಸುತ್ತಿ ಒಳಗೆ ಹೋದದ್ದು ಮತ್ತೆ ಕಾಣುವುದಿಲ್ಲ.

ಅಷ್ಟರಲ್ಲಿ ಮೂಡಣದಲ್ಲಿ ಬೆಳಕಾಗಿದೆ. ಸರಳು ಹಿಡಿದ ಕೈ ಈಗ ಸ್ಪಷ್ಟವಾಗಿ ಕಾಣುತ್ತಿದೆ. ಬಲಗೈಯ ಕಿರುಬೆರಳು ನಡುಗಂಟಿನಿಂದ ಹೊರಕ್ಕೆ ಸೊಟ್ಟಗೆ ತಿರುಗಿಕೊಂಡಿದೆ.

ನಾನು ನೋಡುತ್ತಿರುವುದು ಗೊತ್ತಾದ ಕೂಡಲೇ ಅವರು ಮುಷ್ಟಿ ಮಡಚಿಕೊಳ್ಳುತ್ತಾರೆ.

ಮುತ್ತಮ್ಮನಿಗೆ ನಲವತ್ತೇಳು ವರ್ಷ. ಎತ್ತರ ನಾಲ್ಕಡಿ ಹತ್ತಂಗುಲ, ಹಿಂದಿನಿಂದ ನೋಡಿದರೆ ಹೈಸ್ಕೂಲು ಹುಡುಗಿ. ಕೆಲಸ ಈ ಕೆರೆಯ ನೀರುಗಂಟಿ. ಅಂದರೆ ತೂಬು ಎತ್ತಿ ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ನೋಡಿಕೊಳ್ಳುವುದು, ಕಾಲುವೆಯ ಹೂಳು ಕೆರೆಯುವುದು, ಕಿಂಡಿಗೆ ಕಸ ಸಿಕ್ಕಿಕೊಂಡರೆ ಮುಳುಗಿ ತೆಗೆಯುವುದು. ಕೆರೆಯ ದಾಖಲೆ ಪುಸ್ತಕದಲ್ಲಿ ನೀರುಗಂಟಿಯ ಹೆಸರು ಗಂಗಯ್ಯ ಎಂದಿದೆ. ಗಂಗಯ್ಯ ಇವರ ಗಂಡ. ಉಬ್ಬಸ ಬಂದು ಮುಳುಗುವುದಕ್ಕೆ ಆಗದೆ ಹೋದಾಗ ಹೆಂಡತಿ ಸರಳು ಹಿಡಿದರು. ಅದು ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಪುಸ್ತಕ ತಿದ್ದುವ ಪುರುಸೊತ್ತು ಇನ್ನೂ ಯಾರಿಗೂ ಸಿಕ್ಕಿಲ್ಲ.

ನೀರಿನಡಿ ಉಸಿರು ಕಟ್ಟಿ ಎಪ್ಪತ್ತು ಎಣಿಸಬಲ್ಲರು. ದಿನಕ್ಕೆ ಏರಿಯ ಮೇಲೆ ನಾಲ್ಕು ಸಲ ಓಡಾಡುತ್ತಾರೆ. ಕೈಗಡಿಯಾರವಿಲ್ಲದೆ, ಕಂಬದ ನೆರಳು ನೋಡಿಯೇ ಒಬ್ಬೊಬ್ಬರ ಸರದಿ ಮುಗಿಸುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನಿಗೆ ಸಹಾಯಕ್ಕೆ ನಿಂತಿದ್ದಾಗ ಕೀಲು ಜಾರಿ ಸರಳು ಕೈಮೇಲೆ ಬಿದ್ದು ಕಿರುಬೆರಳು ಮುರಿಯಿತು. "ಅರಿಶಿನ ಇಕ್ಕಿ ಕಟ್ಟಿದ್ರು. ಹೆಂಗೆ ಕೂತ್ಕತೋ ಹಂಗೇ ಉಳ್ಕಂತು. ನೋವೇನಿಲ್ಲ, ಮಳೆಗಾಲದಾಗೆ ಸ್ವಲ್ಪ ಸೆಳೀತದೆ," ಎನ್ನುತ್ತಾರೆ.

ಇಂಥವರೊಬ್ಬರ ಬಗ್ಗೆ ಬರೆಯಿರಿ ಎಂದು ಪತ್ರಿಕೆಯ ಪುರವಣಿಯವರು ಹೇಳಿದ್ದು ನಿಜ. ಆದರೆ ನಾನು ನಿನ್ನೆ ಸಂಜೆಯ ಬಸ್ಸಿಗೆ ಜಾವಗಲ್ ಮೇಲೆ ಹಳೇಬೀಡಿಗೆ ಬಂದದ್ದು ಅದಕ್ಕಾಗಿ ಮಾತ್ರ ಎಂದರೆ ಸುಳ್ಳು ಹೇಳಿದಂತೆ. ಮಕ್ಕಳಿರುವ ಮನೆಯವರಿಗೆಲ್ಲ ‘ಏಳು ಮೆಟ್ಟಿಲ ಯುವರಾಣಿ’ ಗೊತ್ತಿರುತ್ತದೆ. ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಒಂಬತ್ತೂವರೆಯವರೆಗೆ ಟೀವಿಯಲ್ಲಿ ಬರುವ ಧಾರಾವಾಹಿ. ಸಿಂಚನಾ ಎಂಬ ಒಂಬತ್ತನೇ ಕ್ಲಾಸಿನ ಹುಡುಗಿ ಸೋದರಮಾವನ ಮನೆಯಲ್ಲಿ ಬೈಸಿಕೊಂಡು ಬೆಳೆಯುತ್ತಾಳೆ. ಅವಳು ನಿಜವಾಗಿ ನೀರಿನಡಿಯ ರಾಜ್ಯವೊಂದರ ಯುವರಾಣಿ. ಈ ಗುಟ್ಟು ಅವಳಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಪ್ರತಿ ಕಂತಿನಲ್ಲೂ ಅವಳು ಕೆರೆಯ ಕಲ್ಲನ್ನು ಮೂರು ಸಲ ತಟ್ಟಿ, ಕಿವಿಯ ಹಿಂದೆ ಮಣ್ಣು ಸವರಿ, ಏಳು ಮೆಟ್ಟಿಲು ಇಳಿದು ನೀರಲ್ಲಿ ಮರೆಯಾಗುತ್ತಾಳೆ. ನೀರೊಳಗೆ ಅವಳ ಕೈ ಮುಂದಕ್ಕೆ ಚಾಚುತ್ತದೆ. ಆಗ ಕಿರುಬೆರಳು ಸೊಟ್ಟಗಿರುತ್ತದೆ. ದಡದ ಮೇಲೆ ಬಂದಾಗ ನೆಟ್ಟಗಿರುತ್ತದೆ.

ದೊಡ್ಡವರು ಯಾರೂ ಇದನ್ನು ಗಮನಿಸಲಿಲ್ಲ. ಮಕ್ಕಳು ಗಮನಿಸಿದವು. ನೀರಿಗಿಳಿದಾಗ ಯಾರ ಕಿರುಬೆರಳು ಬಾಗುತ್ತದೋ ಅವರು ರಾಜವಂಶದವರು ಎಂದು ತಾವೇ ತೀರ್ಮಾನ ಮಾಡಿದವು. ಆಗಸ್ಟ್ ತಿಂಗಳಲ್ಲಿ ಒಂದು ರಾತ್ರಿ ಮಗಳಿಗೆ ಹೊದಿಸಲು ಹೋದಾಗ ಅವಳ ಕಿರುಬೆರಳಿಗೆ ಬಿಗಿಯಾಗಿ ಹೊಲಿಗೆ ದಾರ ಸುತ್ತಿರುವುದನ್ನು ಕಂಡೆ. ಬೆರಳ ತುದಿ ನೀಲಿಯಾಗಿತ್ತು. ಬಿಚ್ಚಿದೆ. ಮಾರನೆಯ ರಾತ್ರಿ ಮತ್ತೆ ಇತ್ತು. "ನಮ್ಮೂರ ಹೆಸರೇ ಅರಸೀಕೆರೆ ಅಲ್ವಾ ಅಮ್ಮಾ. ಅರಸಿ ಇರೋದು ನಮ್ಮ ಕೆರೆಯಲ್ಲೇ," ಎಂದಳು. ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಹಳೇಬೀಡಿನಲ್ಲಿ ಭಾನುವಾರ ಮಕ್ಕಳನ್ನು ಕೆರೆಯಿಂದ ಅಟ್ಟುವ ನೀರುಗಂಟಿ ಹೆಂಗಸೊಬ್ಬಳಿದ್ದಾಳೆ ಎಂದು ಬಸ್ಸಿನಲ್ಲಿ ಯಾರೋ ಮಾತಾಡಿಕೊಂಡದ್ದು ಕಿವಿಗೆ ಬಿದ್ದಾಗ ಮಾಹಿತಿಗಿಂತ ಧೈರ್ಯ ಹುಡುಕಿಕೊಂಡು ಬಂದೆ.

ಕಲ್ಲುಹಾಸಿನ ಪಕ್ಕದಲ್ಲೇ ಏರಿಯಿಂದ ನೀರಿಗೆ ಇಳಿಯುವ ಮೆಟ್ಟಿಲುಗಳಿವೆ. ಒಂದೊಂದೂ ಒಂದು ಮೊಳ ಎತ್ತರ. ಈಗ ಮೂರು ಮಾತ್ರ ಹೊರಗಿವೆ. ಹೋದ ವರ್ಷದ ಬೇಸಿಗೆಯಲ್ಲಿ ಧಾರಾವಾಹಿಯವರು ಹನ್ನೊಂದು ದಿನ ಇಲ್ಲಿ ಶೂಟಿಂಗ್ ಮಾಡಿದಾಗ ಏಳೂ ಹೊರಗಿದ್ದವು.

"ತೋರಿಸ್ದೋಳು ನಾನೇ," ಎನ್ನುತ್ತಾರೆ ಮುತ್ತಮ್ಮ, ಮೂರನೇ ಮೆಟ್ಟಿಲ ಮೇಲೆ ಕೂತು. "ಅವತ್ತು ನಾಕೇ ಕಾಣ್ತಿದ್ವು. ಇನ್ನಾ ಬೇಕು ಅಂದ್ರು. ನೀರೆಲ್ಲ ತೆಂಗಿನ ತೋಟಕ್ಕೆ ಹೋಯ್ತದಲ್ಲ, ಯಾರ್ಗೂ ನಷ್ಟ ಇಲ್ಲ ಅಂತ ರೈತ್ರು ಒಪ್ಪಿದ್ರು. ತೂಬು ಎತ್ತಿ ಬಿಟ್ಟೆ. ಏಳು ಬಂದ್ವು. ಮಳೆ ಬಂದು ಕೆರೆ ತುಂಬ್ತದೆ, ಆಮ್ಯಾಲೆ ಮಕ್ಳು ಟೀವಿಯಾಗೆ ನೋಡಿ ಏಳು ಎಣಿಸ್ಕಂಡು ಬತ್ತವೆ ಅಂತ ನಂಗೇನು ಗೊತ್ತು. ನೀರಿನ ಲೆಕ್ಕ ಗೊತ್ತಿರೋಳು ನಾನು. ನಂಗೇ ಹೊಳೀಲಿಲ್ಲ."

ಯುವರಾಣಿಯ ಬೆರಳಿನ ಬಗ್ಗೆ ಕೇಳುತ್ತೇನೆ. ಅವರ ಮುಷ್ಟಿ ಮತ್ತೆ ಬಿಗಿಯಾಗುತ್ತದೆ.

"ಅದೊಂದ ಕೇಳ್ಬ್ಯಾಡಿ. ಆಣೆ ಐತೆ."

ನೀರುಗಂಟಿಯ ಆಣೆ ಎಂದರೆ ಬಾಯಿಮಾತಲ್ಲ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಈ ಸರಳಿಗೆ ಪೂಜೆಯಾಗುತ್ತದೆ. ಕೆರೆಯ ನೀರು ಕುಡಿಯುವ ಗದ್ದೆಗಳ ರೈತರೆಲ್ಲ ಸೇರುತ್ತಾರೆ. ಅವರಲ್ಲಿ ಹಿರಿಯರಾದ ರಾಮಣ್ಣನವರು ನೀರುಗಂಟಿಯ ಬೊಗಸೆಗೆ ಕೆರೆಯ ನೀರು ಹುಯ್ಯುತ್ತಾರೆ. ಆ ನೀರನ್ನು ಹಿಡಿದು, ನಮ್ಮವರು ತಮ್ಮವರು ಎನ್ನದೆ ಎಲ್ಲರಿಗೂ ಸಮವಾಗಿ ನೀರು ಬಿಡುತ್ತೇನೆ ಎಂದು ಹೇಳಬೇಕು. ಯಾವ ಆಣೆಯಾಗಲಿ, ಒಮ್ಮೆ ಕೊಟ್ಟ ಮಾತು ಮುರಿದವರ ಬೊಗಸೆಗೆ ನೀರು ಹುಯ್ಯುವ ಪದ್ಧತಿಯಿಲ್ಲ. ಬೊಗಸೆಗೆ ನೀರು ಬೀಳದಿದ್ದರೆ ಸರಳು ಮುಟ್ಟುವ ಹಾಗಿಲ್ಲ. ಈ ಸಲದ ಆಯುಧಪೂಜೆಗೆ ಇನ್ನು ಹದಿನಾರು ದಿನ ಇದೆ.

ಧಾರಾವಾಹಿ ಶುರುವಾಗಿ ಇವತ್ತಿಗೆ ಹದಿನಾಲ್ಕು ಭಾನುವಾರ. ಕಂತು ಮುಗಿದ ಐದು ನಿಮಿಷಕ್ಕೆ ಮಕ್ಕಳು ಏರಿಯ ಮೇಲಿರುತ್ತವೆ. ಕೆಲವು ಸಲ ಹತ್ತು, ಕೆಲವು ಸಲ ಇಪ್ಪತ್ತು. ಮುತ್ತಮ್ಮ ಬಯ್ದಿದ್ದಾರೆ, ಬೆತ್ತ ತೋರಿಸಿದ್ದಾರೆ, ಕೆರೆಯಲ್ಲಿ ದೆವ್ವ ಇದೆ ಎಂದಿದ್ದಾರೆ. ದೆವ್ವ ಎಂದ ವಾರ ಇನ್ನೂ ಜಾಸ್ತಿ ಮಕ್ಕಳು ಬಂದವಂತೆ. ಇದುವರೆಗೆ ಒಂಬತ್ತು ಮಕ್ಕಳನ್ನು ನಾಲ್ಕನೇ ಮೆಟ್ಟಿಲಿನಿಂದ ತೋಳು ಹಿಡಿದು ಎಳೆದಿದ್ದಾರೆ. ನಾಲ್ಕನೆಯದರಲ್ಲಿ ಮಗುವಿಗೆ ಮೊಣಕಾಲ ಮೇಲೆ ನೀರು, ಐದರಲ್ಲಿ ಎದೆಮಟ್ಟ. ಆರರಲ್ಲಿ ತಲೆ ಮುಳುಗುತ್ತದೆ. ಮೆಟ್ಟಿಲು ಮುಗಿಯುವಲ್ಲಿಂದ ತೂಬಿನ ಬಾಯಿಗೆ ಬರೀ ಎರಡು ಮಾರು. ತೂಬು ಎತ್ತಿದ್ದರೆ ಆ ಎರಡು ಮಾರನ್ನು ನೀರೇ ಎಳೆದುಕೊಂಡು ಹೋಗುತ್ತದೆ.

"ಮುಚ್ಚಿದ್ರೆ ಕೆರೆ. ಎತ್ತಿದ್ರೆ ಬಾಯಿ," ಎನ್ನುತ್ತಾರೆ.

ಅದಕ್ಕೆ ಅವರದೊಂದು ಕಟ್ಟಳೆ. ಭಾನುವಾರ ಒಂಬತ್ತಕ್ಕೆ ಸರಿಯಾಗಿ ತೂಬು ಮುಚ್ಚಬೇಕು. ಒಂಬತ್ತೂಕಾಲಿಗೆ ಗಂಗಯ್ಯ ಕೆಮ್ಮುತ್ತಾ ಬಂದು ಊರಿನ ದಾರಿ ತಿರುಗುವಲ್ಲಿ ಕೂರುತ್ತಾರೆ. ಮಕ್ಕಳು ಕಂಡರೆ ಅಲ್ಯೂಮಿನಿಯಂ ತಟ್ಟೆ ಬಡಿಯುತ್ತಾರೆ. ಎರಡನೇ ಕಂತಿನಿಂದ ಇಲ್ಲಿಯವರೆಗೆ ಒಂದು ಭಾನುವಾರವೂ ಇದು ತಪ್ಪಿಲ್ಲ.

ಭಾನುವಾರದ ಸರದಿ ರಾಮಣ್ಣನವರದು. ಒಂಬತ್ತಕ್ಕೆ ಐದು ನಿಮಿಷವಿದ್ದಾಗ ಅವರು ಏರಿಯ ಆಚೆ ಕಾಲುವೆ ದಂಡೆಯಿಂದ ಕೂಗುತ್ತಾರೆ. "ಮುತ್ತಮ್ಮಾ, ಕೆಳಗಿನ ಎರಡು ಗದ್ದೆ ಮಡಿ ಇನ್ನೂ ಒಣಗೈತೆ ಕಣೇ. ಇನ್ನರ್ಧ ಗಂಟೆ ಬಿಡು."

"ಆಗಾಕಿಲ್ಲ ಗೌಡ್ರೆ. ಮಕ್ಳು ಬತ್ತವೆ."

"ಮುಗಿಯೋದು ಒಂಬತ್ತೂವರೆಗೆ ತಾನೆ? ಮಕ್ಳೆಲ್ಲ ನಮ್ಮನೆ ಪಡಸಾಲೇಲೇ ಕೂತವ್ರೆ. ಸಾವಿತ್ರಮ್ಮ ಚಕ್ಕುಲಿ ಕೊಟ್ಟವಳೆ. ಏಳಾಕಿಲ್ಲ ಬಿಡು."

ಸಾವಿತ್ರಮ್ಮ ರಾಮಣ್ಣನವರ ಹೆಂಡತಿ. ಆ ಬೀದಿಗೆ ದೊಡ್ಡ ಟೀವಿ ಇರುವುದು ಅವರ ಮನೆಯಲ್ಲೇ. ಮುತ್ತಮ್ಮ ಕಂಬದ ನೆರಳು ನೋಡುತ್ತಾರೆ, ಊರಿನ ಕಡೆ ನೋಡುತ್ತಾರೆ. ತನ್ನ ಬೊಗಸೆಗೆ ನೀರು ಹುಯ್ಯುವ ಹಿರಿಯರಿಗೆ ಎಷ್ಟು ಸಲ ಇಲ್ಲ ಎನ್ನುವುದು? "ಇಪ್ಪತ್ತು ನಿಮಿಷ ಗೌಡ್ರೆ, ಅಷ್ಟೇ," ಎಂದು ಹೇಳಿ, ನೀರು ಕೆಳಗಿನ ಮಡಿ ಮುಟ್ಟಿತೋ ಇಲ್ಲವೋ ನೋಡಲು ಏರಿಯ ಆಚೆ ಇಳಿಯುತ್ತಾರೆ. "ನೀವ್ ಇಲ್ಲೇ ಮೆಟ್ಲ ತಾವ ಇರಿ ಕಣವ್ವ," ಎಂದು ನನಗೆ ಹೇಳಿ ಹೋಗುತ್ತಾರೆ.

ಒಂಬತ್ತು ಹತ್ತಕ್ಕೆ ಊರಲ್ಲಿ ಕರೆಂಟು ಹೋಗುತ್ತದೆ.

ನನಗದು ಗೊತ್ತಾಗುವುದು ಸದ್ದಿನಿಂದ. ಅಷ್ಟು ಹೊತ್ತು ಕೇಳುತ್ತಿದ್ದ ಹಿಟ್ಟಿನ ಗಿರಣಿಯ ಸದ್ದು ತಟ್ಟನೆ ನಿಲ್ಲುತ್ತದೆ. ಇದರ ಅರ್ಥ ಏನೆಂದು ನಾನು ಯೋಚಿಸುವಷ್ಟರಲ್ಲಿ ಏರಿಯ ಮೇಲೆ ಮಕ್ಕಳು ಓಡಿ ಬರುತ್ತಿವೆ. ಹನ್ನೊಂದು ಮಕ್ಕಳು. ಟೀವಿಯಲ್ಲಿ ಯುವರಾಣಿ ಮೆಟ್ಟಿಲು ಇಳಿಯುವಾಗಲೇ ಪರದೆ ಕಪ್ಪಾಗಿದೆ. ಉಳಿದದ್ದನ್ನು ಕೆರೆಯಲ್ಲೇ ನೋಡಲು ಬಂದಿವೆ. ಗಂಗಯ್ಯ ಇನ್ನೂ ತಮ್ಮ ಜಾಗಕ್ಕೆ ಬಂದಿಲ್ಲ.

ಮುಂದಿರುವವಳು ಹೇಮಾಶ್ರೀ, ರಾಮಣ್ಣನವರ ಮೊಮ್ಮಗಳು, ನಾಲ್ಕನೇ ಕ್ಲಾಸು. ಅವಳ ಬಲಗೈಯ ಕಿರುಬೆರಳಿಗೆ ಕೆಂಪು ದಾರ ಸುತ್ತಿದೆ. ಅವಳು ನನ್ನನ್ನು ನೋಡುವುದೂ ಇಲ್ಲ. ಕಲ್ಲಿಗೆ ಮೂರು ಏಟು. ಕಿವಿಯ ಹಿಂದೆ ಮಣ್ಣು. "ಪುಟ್ಟಿ, ನಿಂತ್ಕೋ, ನಿಂತ್ಕೋ," ಎಂದು ಅವಳ ಫ್ರಾಕಿಗೆ ಕೈಹಾಕುತ್ತೇನೆ. ಬಟ್ಟೆ ಕೈಯಿಂದ ಜಾರುತ್ತದೆ. ಮಿಕ್ಕ ಮಕ್ಕಳು ಒಕ್ಕೊರಲಿನಿಂದ ಎಣಿಸುತ್ತಿವೆ. ಮೂರು. ನಾಲ್ಕು. ನಾನು ಮೂರನೇ ಮೆಟ್ಟಿಲಲ್ಲಿ ನಿಂತಿದ್ದೇನೆ. ಮುಂದಿನದಕ್ಕೆ ಕಾಲು ಇಡಬೇಕು, ಕಾಲು ಏಳುತ್ತಿಲ್ಲ. ಮುತ್ತಮ್ಮಾ ಎಂದು ಕಿರುಚುತ್ತೇನೆ. ಐದು. ಫ್ರಾಕು ನೀರಿನ ಮೇಲೆ ಉಬ್ಬುತ್ತದೆ. ಆರು ಎಂದಾಗ ಅವಳು ಇಲ್ಲ.

ಮಕ್ಕಳು ಚಪ್ಪಾಳೆ ತಟ್ಟುತ್ತವೆ.

ಆ ಚಪ್ಪಾಳೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಮುತ್ತಮ್ಮ ಏರಿ ಹತ್ತಿ ಬರುತ್ತಿರುವುದು ಕಾಣುತ್ತದೆ. ನೀರಿಗೆ ಹಾರುತ್ತಾರೆ ಎಂದುಕೊಂಡರೆ ಅವರು ಮೆಟ್ಟಿಲಿನ ಕಡೆ ತಿರುಗಿಯೂ ನೋಡದೆ ಕಲ್ಲುಹಾಸಿನ ಮೇಲೆ ತೂಬಿನ ಕಡೆ ಓಡುತ್ತಾರೆ. "ಅಲ್ಲಲ್ಲ, ಇಲ್ಲಿ, ಇಲ್ಲಿ," ಎಂದು ಕೂಗುತ್ತೇನೆ. ಈ ಹೆಂಗಸಿಗೆ ಮಗುವಿಗಿಂತ ಸರಳು ಹೆಚ್ಚಾಯಿತೇ ಎಂದು ಒಂದು ಕ್ಷಣ ಅವರ ಮೇಲೆ ಹೇಳಲಾರದ ಸಿಟ್ಟು ಬರುತ್ತದೆ. ಅವರು ಕೀಲು ಕಿತ್ತು ಎಸೆಯುತ್ತಾರೆ. ಸರಳು ಧಡ್ ಎಂದು ಕೆಳಗಿಳಿಯುತ್ತದೆ. ಏರಿಯೊಳಗಿನ ಗೊಳಗೊಳ ನಿಲ್ಲುತ್ತದೆ. ಆಮೇಲೆ ಅಲ್ಲಿಂದಲೇ, ಕಲ್ಲು ತಟ್ಟದೆ, ಮಣ್ಣು ಸವರದೆ, ಧುಮುಕುತ್ತಾರೆ.

ನಾನು ಎಣಿಸುತ್ತೇನೆ. ಎಪ್ಪತ್ತು ಎಂದು ಬೆಳಿಗ್ಗೆ ಹೇಳಿದ್ದರಲ್ಲ, ಅದೊಂದೇ ನೆನಪಿರುವುದು. ಹತ್ತು. ಇಪ್ಪತ್ತು. ನೀರಿನ ಮೇಲೆ ಒಂದಿಷ್ಟು ಗುಳ್ಳೆ. ಕಾಲುವೆ ದಂಡೆಯಿಂದ "ಯಾಕೆ ನಿಲ್ಸಿದೆ?" ಎಂದು ರಾಮಣ್ಣನವರು ಕೂಗುವುದು ಕೇಳುತ್ತದೆ. ಮಕ್ಕಳು ಈಗ ಸುಮ್ಮನಾಗಿವೆ. ಮೂವತ್ತೊಂಬತ್ತಕ್ಕೆ ತೂಬಿನ ಕಂಬದ ಹತ್ತಿರ ಮುತ್ತಮ್ಮನ ತಲೆ ಏಳುತ್ತದೆ. ಒಂದು ಕೈಯಲ್ಲಿ ಜಡೆ, ಜಡೆಯ ಕೆಳಗೆ ಹೇಮಾಶ್ರೀ.

ಮೂರನೇ ಮೆಟ್ಟಿಲ ಮೇಲೆ ಬೋರಲು ಮಲಗಿಸಿ ಬೆನ್ನು ತಟ್ಟುತ್ತಾರೆ. ನೀರು ಬರುತ್ತದೆ, ಚಕ್ಕುಲಿ ಬರುತ್ತದೆ, ಕೊನೆಗೆ ಅಳು ಬರುತ್ತದೆ. ನಡುಗುತ್ತಿರುವ ಮಗುವಿನ ಕಿರುಬೆರಳನ್ನು ಬಾಯಿಗಿಟ್ಟು ಮುತ್ತಮ್ಮ ಕೆಂಪು ದಾರವನ್ನು ಹಲ್ಲಿನಿಂದ ಕಡಿಯುತ್ತಾರೆ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮಕ್ಕಳನ್ನು ನಾನು ಏನೂ ಅರಿತಿರಲಿಲ್ಲ.

"ಅರಮನೆ ನೋಡಿದ್ಯೇನೇ?" ಎಂದು ಗೆಳತಿಯೊಬ್ಬಳು ಕೇಳುತ್ತಾಳೆ.

ಹೇಮಾಶ್ರೀ ಬಿಕ್ಕುತ್ತಲೇ ಇಲ್ಲವೆಂದು ತಲೆಯಾಡಿಸುತ್ತಾಳೆ. "ಕತ್ಲೆ ಇತ್ತು. ಯುವರಾಣಿ ಬಂದ್ಲು. ನನ್ನ ಕೈ ಹಿಡ್ಕೊಂಡ್ಲು. ಬೆರಳು ಸೊಟ್ಟ ಇತ್ತು ಕಣೇ, ನಿಜವಾಗ್ಲೂ."

ಹತ್ತು ಮಕ್ಕಳ ಕಣ್ಣು ಒಟ್ಟಿಗೆ ನೀರಿನ ಕಡೆ ತಿರುಗುತ್ತವೆ. ಅವುಗಳಲ್ಲಿ ಭಯ ಇಲ್ಲ, ಆಸೆ ಇದೆ. ಮಗುವನ್ನು ಉಳಿಸಿದ ಕೈಯೇ ಅವಕ್ಕೆ ಅರಮನೆಯ ಸಾಕ್ಷಿಯಾಗಿದೆ. ಮುಂದಿನ ಭಾನುವಾರ ಇವೆಲ್ಲ ಬರುತ್ತವೆ ಎಂದು ನನಗೆ ಗೊತ್ತಾಗುತ್ತದೆ. ಮುತ್ತಮ್ಮನಿಗೂ ಗೊತ್ತಾಗುತ್ತದೆ. ಅಷ್ಟರಲ್ಲಿ ರಾಮಣ್ಣನವರು ಏದುಸಿರು ಬಿಡುತ್ತಾ ಏರಿಯ ಮೇಲೆ ಬಂದು ನಿಂತಿದ್ದಾರೆ. ಅವರ ಮುಂದೆ ಮಾತು ಮುರಿದರೆ ಬೊಗಸೆ ನೀರಿನ ಗತಿ ಏನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮುತ್ತಮ್ಮ ಅವರನ್ನು ಒಮ್ಮೆ ನೋಡುತ್ತಾರೆ. ಆಮೇಲೆ ಮಕ್ಕಳ ಕಡೆ ತಿರುಗುತ್ತಾರೆ.

"ಆ ಯುವರಾಣಿ ನಾನೇ," ಎನ್ನುತ್ತಾರೆ.

ಮಕ್ಕಳು ನಗುತ್ತವೆ. ಅಜ್ಜಿ ಸುಳ್ಳು ಹೇಳ್ತಾಳೆ ಎನ್ನುತ್ತವೆ. ಯುವರಾಣಿ ಬೆಳ್ಳಗಿದ್ದಾಳೆ, ಉದ್ದ ಜಡೆ ಇದೆ ಎನ್ನುತ್ತವೆ.

"ದಡದ ಮ್ಯಾಲೆ ಇರೋಳು ಬೇರೆ ಹುಡ್ಗಿ. ಅವಳಿಗೆ ನೀರು ಅಂದ್ರೆ ಭಯ, ಪಾಪ, ಗಡಗಡ ನಡುಗೋಳು. ಅದ್ಕೆ ಅವಳ ಲಂಗ, ಅವಳ ಕಿರೀಟ ನಂಗೆ ಇಕ್ಕಿದ್ರು. ಸುಳ್ಳು ಜಡೆ ಕಟ್ಟಿದ್ರು. ನೀರಿಗಿಳಿಯೋದೆಲ್ಲ ನಾನೇ. ಕಲ್ಲು ತಟ್ಟಿದ್ದು, ಮಣ್ಣು ಹಚ್ಕಂಡಿದ್ದು ನನ್ ಅಭ್ಯಾಸ. ಅವ್ರು ಹಂಗೇ ಹಿಡ್ಕಂಡ್ರು. ಇಲ್ಲಿ ನೋಡಿ."

ಮೂರನೇ ಮೆಟ್ಟಿಲ ಮೇಲೆ ಕೂತು ಬಲಗೈಯನ್ನು ನೀರಿನೊಳಗೆ ಚಾಚುತ್ತಾರೆ. ಬೆರಳುಗಳನ್ನು ಬಿಡಿಸುತ್ತಾರೆ. ಹದಿನಾಲ್ಕು ವಾರ ಟೀವಿಯಲ್ಲಿ ನೋಡಿದ ಅದೇ ಕೈ, ಅದೇ ಹಸಿರು ನೀರು. ಮಕ್ಕಳು ಬಗ್ಗಿ ನೋಡುತ್ತವೆ. ಆಮೇಲೆ ಚಿಕ್ಕವಳೊಬ್ಬಳು ಅಳುವುದಕ್ಕೆ ಶುರುಮಾಡುತ್ತಾಳೆ.

"ಹಂಗಾದ್ರೆ ಅರಮನೆ?"

"ಕೆಸರು ಐತೆ ಮಗಾ. ಒಡ್ದ ಬಳೆ ಚೂರು, ಒಂಟಿ ಚಪ್ಲಿ, ಯಾರದೋ ತೂತು ಕೊಡ. ಅರಮನೆ ಇದ್ದಿದ್ರೆ ಇಪ್ಪತ್ತೆರಡು ವರ್ಷದಾಗೆ ಒಂದ್ಸಲನಾದ್ರೂ ನನ್ನ ಕಾಲಿಗೆ ಸಿಗ್ತಿರ್ಲಿಲ್ವಾ?"

ಹೇಮಾಶ್ರೀ ಮೂಗು ಒರೆಸಿಕೊಂಡು ಯೋಚಿಸುತ್ತಾಳೆ. "ನೀನೇ ಯುವರಾಣಿ ಆಗಿದ್ರೆ ಅವತ್ತು ಮೊದಲ್ನೇ ಕಂತನ್ನ ನಮ್ಮನೆ ಅಂಗಳದಲ್ಲಿ ನಿಂತ್ಕೊಂಡು ಯಾಕೆ ನೋಡ್ದೆ? ಒಳಗೆ ಬರಬಾರ್ದಿತ್ತಾ?"

ಮುತ್ತಮ್ಮ ಒದ್ದೆ ಸೆರಗು ಹಿಂಡತೊಡಗುತ್ತಾರೆ. ರಾಮಣ್ಣನವರು ಕಾಲುವೆಯ ಕಡೆ ನೋಡುತ್ತಾರೆ. ನಾನೂ ನೋಟ್‌ಬುಕ್ಕಿನ ಕಡೆ ನೋಡುತ್ತೇನೆ.

ರಾಮಣ್ಣನವರು ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಹೊರಡುವಾಗ ಒಂದೇ ಮಾತು ಹೇಳುತ್ತಾರೆ. "ಇನ್ಮುಂದೆ ಭಾನುವಾರದ ಸರದಿ ನಂಗೆ ಬ್ಯಾಡ. ಸೋಮವಾರ ಮಾಡು." ಆಣೆಯ ಬಗ್ಗೆ ಅವರು ಏನೂ ಅನ್ನುವುದಿಲ್ಲ. ಬೊಗಸೆ ನೀರಿನ ಬಗ್ಗೆಯೂ ಅನ್ನುವುದಿಲ್ಲ. ಕೇಳುವ ಧೈರ್ಯ ಮುತ್ತಮ್ಮನಿಗೂ ಇಲ್ಲ, ನನಗೂ ಇಲ್ಲ.

ಮಧ್ಯಾಹ್ನ ಅವರ ಮನೆಯಲ್ಲಿ ಮುದ್ದೆ ಉಣ್ಣುತ್ತಾ ಕೂತಾಗ ಆಣೆಯ ಕತೆ ಪೂರ್ತಿ ಬರುತ್ತದೆ. ಶೂಟಿಂಗಿನ ಕೊನೆಯ ದಿನ ಮೇನೇಜರು ಮುತ್ತಮ್ಮನನ್ನು ತೂಬಿನ ಹತ್ತಿರ ಕರೆದುಕೊಂಡು ಹೋಗಿ, ಗಂಗಮ್ಮನ ಕಲ್ಲು ಮುಟ್ಟಿಸಿ, ಇದನ್ನು ಯಾರಿಗೂ ಹೇಳಬಾರದು ಎಂದು ಮಾತು ತೆಗೆದುಕೊಂಡನಂತೆ. ಮಕ್ಕಳ ಕನಸು ಒಡೆಯಬಾರದು ಎಂದನಂತೆ. "ನಂಗೂ ಅದೇ ಸರಿ ಅನ್ನಿಸ್ತು. ನಿಜ ಹೇಳ್ಬೇಕಂದ್ರೆ ಆ ಹನ್ನೊಂದ್ ದಿನ ನಂಗೆ ಬೋ ಖುಷಿಯಾಗಿತ್ತು ಕಣವ್ವ. ಕಿರೀಟ ಇಕ್ಕಂಡು ಮುಳುಗ್ತಿದ್ನಲ್ಲ, ನೀರಡಿ ಕಣ್ಣು ಬಿಟ್ಟಾಗ ನಾನೂ ಒಂದ್ ಗಳಿಗೆ ಅರಮನೆ ಹುಡುಕ್ತಿದ್ದೆ. ಮಕ್ಳಿಗೆ ಹೆಂಗೆ ಬಯ್ಲಿ?"

ಮೂಲೆಯಲ್ಲಿ ಕೂತಿದ್ದ ಗಂಗಯ್ಯ ಉಸಿರು ಎಳೆಯುತ್ತಾ, "ನಾನು ಹದಿನೈದು ನಿಮಿಷ ಮುಂಚೆ ಬರ್ಬೇಕಿತ್ತು," ಎಂದು ಮೂರನೇ ಸಲ ಹೇಳುತ್ತಾರೆ. ತಟ್ಟೆ ಅವರ ತೊಡೆಯ ಮೇಲೇ ಇದೆ.

ಆಣೆ ಮುರಿದದ್ದಕ್ಕೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. "ನಿಮ್ಮೂರ ಕಡೆ ಬತ್ತೀನಲ್ಲ. ಮಾಲೇಕಲ್ಲು ಬೆಟ್ಟ ಹತ್ತಿ ತಪ್ಪುಕಾಣಿಕೆ ಹಾಕ್ತೀನಿ. ದೇವ್ರು ಕ್ಷಮಿಸ್ತಾನೆ. ಗೌಡ್ರು ಕ್ಷಮಿಸ್ತಾರೋ ಇಲ್ವೋ ಆಯುಧಪೂಜೆ ದಿನ ಗೊತ್ತಾಯ್ತದೆ."

ನನ್ನ ಮಗಳ ವಿಷಯ ಹೇಳಿಬಿಡುತ್ತೇನೆ. ದಾರ, ನೀಲಿಯಾದ ಬೆರಳು, ಅರಸೀಕೆರೆಯ ಅರಸಿ, ಎಲ್ಲವನ್ನೂ. ಬೆಳಿಗ್ಗೆಯೇ ಹೇಳಬೇಕಿತ್ತು, ನಾಚಿಕೆಯಾಗಿತ್ತು. ಮುತ್ತಮ್ಮ ಉಣ್ಣುವುದನ್ನು ನಿಲ್ಲಿಸುತ್ತಾರೆ.

"ನಿಮ್ಮೂರಾಗೂ ಕಟ್ಕತಾವಾ?" ಎನ್ನುತ್ತಾರೆ. "ಬೇಲೂರಾಗೆ? ಹಗರೇಲಿ? ಎಲ್ಲಾ ಕಡೆ ಟೀವಿ ಬತ್ತದಲ್ವಾ? ಇಲ್ಲಿ ಮೆಟ್ಲ ತಾವ ನಾನಿದೀನಿ. ಅಲ್ಲೆಲ್ಲ ಯಾರವ್ರೆ?"

ಧಾರಾವಾಹಿ ಇನ್ನೂ ಹನ್ನೆರಡು ವಾರ ಇದೆಯಂತೆ.

ಸಂಜೆಯ ಬಸ್ಸಿಗೆ ಮೊದಲು ಫೋಟೋ ತೆಗೆಯಲು ಮತ್ತೆ ಕೆರೆಗೆ ಹೋಗುತ್ತೇವೆ. ತೂಬಿನ ಪಕ್ಕ ನಿಲ್ಲಿ, ಸರಳು ಹಿಡಿದುಕೊಳ್ಳಿ, ಸ್ವಲ್ಪ ನಗಿ ಎನ್ನುತ್ತೇನೆ. ಅವರು ಸೆರಗು ಸರಿಮಾಡಿಕೊಂಡು ನಿಂತವರು ಮತ್ತೆ ಬೇಡ ಎಂದು ಕೈಯಾಡಿಸುತ್ತಾರೆ.

"ಮುಖ ಬ್ಯಾಡ ಕಣವ್ವ. ಮುಖ ಹಾಕಿದ್ರೆ ಯಾವ್ದೋ ಮುದ್ಕಿ ಅಂತ ಮಕ್ಳು ಹಾಳೆ ತಿರುಗಿಸ್ತವೆ. ಬೆರಳು ಹಾಕಿ. ಅವಕ್ಕೆ ನಂಬ್ಕೆ ಇರೋದು ಬೆರಳ ಮ್ಯಾಲೆ. ಇದು ನೀರುಗಂಟಿ ಮುತ್ತಮ್ಮಂದು, ಸರಳು ಬಿದ್ದು ಮುರ್ದಿದ್ದು, ಕೆಳಗೆ ಕೆಸರು ಐತೆ ಅಂತ ದಪ್ಪಕ್ಷರದಾಗೆ ಬರೀರಿ."

ಮೂರನೇ ಮೆಟ್ಟಿಲ ಮೇಲೆ ಕೂತು ಕೈಯನ್ನು ನೀರೊಳಗೆ ಇಳಿಬಿಡುತ್ತಾರೆ. ಈ ಬರಹದ ಪಕ್ಕದಲ್ಲಿರುವುದು ಅದೇ ಚಿತ್ರ. ಮನೆಯಲ್ಲಿ ಮಕ್ಕಳಿದ್ದರೆ ದಯವಿಟ್ಟು ತೋರಿಸಿ, ಅವರ ಕಿರುಬೆರಳನ್ನೂ ಒಮ್ಮೆ ನೋಡಿ. ಮೊದಲ ಪ್ರತಿ ನನ್ನ ಮಗಳಿಗೆ.

ಬಸ್ಸಿಗೆ ಹೊತ್ತಾಗುತ್ತದೆ. ಏರಿ ಇಳಿಯುವಾಗ, ಬರೆಯಲು ಇನ್ನೇನಾದರೂ ಇದೆಯೇ ಎಂದು ಕೇಳುತ್ತೇನೆ. ಮುತ್ತಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೆರೆಯ ಕಡೆ ನೋಡುತ್ತಾರೆ.

"ಬೊಗಸೆಗೆ ನೀರು ಹುಯ್ತಾರೋ ಇಲ್ವೋ ಗೊತ್ತಿಲ್ಲ. ಹದಿನಾಲ್ಕು ಭಾನುವಾರ ಆಯ್ತು, ಈ ಕೆರೆ ಒಂದು ಮಗುನೂ ಇಟ್ಕಂಡಿಲ್ಲ. ಅದ ಬರ್ಕಳಿ."